ಕಲ್ಲು ಅದೇ, ಮುಗಿಲು ಬೇರೆ

‘ಗಂಗಾಸ್ನಾನ, ತುಂಗಾಪಾನ’ ಎಂಬ ಮಾತು ಹಳೆಯದು. ಮೀಯುವುದಕ್ಕೆ ಗಂಗೆ, ಕುಡಿಯುವುದಕ್ಕೆ ತುಂಗೆ. ಶೃಂಗೇರಿಗೋ ತೀರ್ಥಹಳ್ಳಿಗೋ ಹೋದವರು ಬೊಗಸೆಯಲ್ಲಿ ನೀರೆತ್ತಿ ಕುಡಿದು ‘ಆಹಾ’ ಎಂದದ್ದುಂಟು. ಆ ರುಚಿಗೆ ಕಾರಣವೇನೆಂದು ಪ್ರಯೋಗಾಲಯದವರನ್ನು ಕೇಳಿದರೆ ಸಿಗುವುದು ಚಿಕ್ಕ ಉತ್ತರ: ಆ ನೀರಿನಲ್ಲಿ ಕರಗಿರುವ ಲವಣ ತೀರ ಕಡಿಮೆ. ಅಷ್ಟೆ.

ಈಗ ತುಂಗೆಯ ದಡದಿಂದ ಪೂರ್ವಕ್ಕೆ ಬಸ್ಸು ಹತ್ತಿ. ಶಿವಮೊಗ್ಗ ದಾಟಿ, ಚಿತ್ರದುರ್ಗ ದಾಟಿ, ಚಳ್ಳಕೆರೆಯ ಮೇಲೆ ಹಾದು ಪಾವಗಡಕ್ಕೆ ಬನ್ನಿ. ಬೆಳಿಗ್ಗೆ ಹೊರಟರೆ ಸಂಜೆಗೆ ತಲುಪಬಹುದು. ಅಲ್ಲಿಯ ಹಳ್ಳಿಯ ಶಾಲೆಯೊಂದರ ಮಕ್ಕಳನ್ನು ನಗಿಸಿ ನೋಡಿ. ಬಾಯಿಗೆ ಅಡ್ಡ ಕೈ ಹಿಡಿದು ನಗುವ ಮಕ್ಕಳು ಕಂಡಾರು. ಕೈ ತೆಗೆದರೆ ಹಲ್ಲಿನ ಮೇಲೆ ಕಂದು ಪಟ್ಟೆ, ಸುಣ್ಣದಂಥ ಬಿಳಿ ಮಚ್ಚೆ. ಜಗಲಿಯ ಮೇಲೆ ಕೂತ ಹಿರಿಯರನ್ನು ಹಿಂದಿನಿಂದ ಕರೆದರೆ ಕತ್ತು ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸುವವರೂ ಇದ್ದಾರೆ. ಬಹಳ ವರ್ಷ ಫ್ಲೋರೈಡ್ ತುಂಬಿದ ಕೊಳವೆ ಬಾವಿಯ ನೀರು ಕುಡಿದದ್ದರ ಫಲ ಅದು.

ಹೀಗೇಕೆ? ಕೇಳಿದರೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರ: ‘ಆ ಕಡೆಯ ಕಲ್ಲೇ ಹಾಗೆ ಸ್ವಾಮಿ’. ಈ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬೋಳು ತಲೆಯಂತೆ ಎದ್ದು ನಿಂತ ಬಂಡೆಯನ್ನು ನೀವು ನೋಡಿದ್ದೀರಿ. ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸಿನ ಆ ನೈಸ್ ಶಿಲೆಯ ಬಂಧುಬಳಗವೇ ಮಲೆನಾಡಿನಿಂದ ಹಿಡಿದು ಕೋಲಾರದವರೆಗೆ ನಮ್ಮ ಕಾಲಡಿಯಲ್ಲಿ ಹಾಸಿದೆ. ಅದರ ನಡುವೆ ಅಲ್ಲಲ್ಲಿ ಗ್ರ್ಯಾನೈಟ್ ನುಗ್ಗಿದೆ. ರಾಮನಗರದಿಂದ ಮಧುಗಿರಿ, ಪಾವಗಡದತ್ತ ಸಾಗುವ ಗುಡ್ಡಸಾಲಿನಲ್ಲಿ ಫ್ಲೋರೈಡ್ ಇರುವ ಖನಿಜ ಸ್ವಲ್ಪ ಹೆಚ್ಚೇ ಇದೆ, ನಿಜ. ಹಾಗೆಂದು ಮಲೆನಾಡಿನ ಕಲ್ಲಿನಲ್ಲಿ ಅದು ಇಲ್ಲವೇ ಇಲ್ಲವೆ? ಇದೆ. ಆದರೂ ಅಲ್ಲಿಯ ಬಾವಿಯ ನೀರು ಹಲ್ಲು ಕೆಡಿಸುವುದಿಲ್ಲ. ಕಲ್ಲಿನಿಂದ ಏನೇನು ಎಷ್ಟೆಷ್ಟು ಹೊರಬರಬೇಕು, ಬಂದದ್ದರಲ್ಲಿ ಯಾವುದು ನೀರಿನಲ್ಲಿ ಉಳಿಯಬೇಕು ಎಂಬುದನ್ನು ಮಳೆ ಮತ್ತು ಬಿಸಿಲು ನಿರ್ಧರಿಸುತ್ತವೆ.

ಮೊದಲಿಂದ ನೋಡೋಣ. ಮಳೆಹನಿ ಮೋಡದಿಂದ ಹೊರಡುವಾಗ ಹೆಚ್ಚುಕಡಿಮೆ ಬಟ್ಟಿಯಿಳಿಸಿದ ನೀರು. ಕೆಳಗಿಳಿಯುತ್ತ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ತುಸು ಹೀರಿಕೊಂಡು ಹುಳಿಯಾಗುತ್ತದೆ. ಮಣ್ಣಿಗಿಳಿದ ಮೇಲೆ ಇನ್ನಷ್ಟು ಹುಳಿ. ಏಕೆಂದರೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಅದೇ ಅನಿಲ ಮಣ್ಣಿನ ಸಂದಿಗಳಲ್ಲಿ ಗಾಳಿಯಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ. ಈ ಮೆಲುಹುಳಿಯ ನೀರು ಕಲ್ಲನ್ನು ಕಚ್ಚುತ್ತದೆ. ನಮ್ಮ ನಾಲಿಗೆಗೆ ಗೊತ್ತಾಗದಷ್ಟು ಸೌಮ್ಯವಾದ ಹುಳಿ. ಆದರೆ ಅದಕ್ಕೆ ಅವಸರವಿಲ್ಲ. ಕಚ್ಚಿದಲ್ಲೆಲ್ಲ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುಗಡೆಯಾಗುತ್ತವೆ. ಹುಳಿ ತಾನು ಬೈಕಾರ್ಬೊನೇಟ್ ಆಗಿ ಬದಲಾಗುತ್ತದೆ. ಕಪ್ಪು ಅಭ್ರಕ, ಅಪಟೈಟ್, ಫ್ಲೋರೈಟ್ ಮುಂತಾದ ಖನಿಜಗಳಿಂದ ಚೂರುಪಾರು ಫ್ಲೋರೈಡೂ ಇಳಿಯುತ್ತದೆ.

ಮಲೆನಾಡಿನಲ್ಲಿ ಈ ಕೆಲಸ ಜೋರಾಗಿಯೇ ನಡೆಯುತ್ತದೆ. ಆದರೆ ಅಲ್ಲಿ ನೀರಿಗೆ ಬರವಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಕಲ್ಲು ಬಿಟ್ಟುಕೊಟ್ಟದ್ದನ್ನೆಲ್ಲ ಅಷ್ಟು ನೀರಿನಲ್ಲಿ ಕದಡಿ, ಹಳ್ಳಕ್ಕೆ ಹೊಳೆಗೆ ಸೇರಿಸಿ, ಸಮುದ್ರಕ್ಕೋ ಬಯಲಿಗೋ ಸಾಗಹಾಕಿಬಿಡುತ್ತದೆ. ಲಕ್ಷಾಂತರ ವರ್ಷ ಹೀಗೆ ತೊಳೆದು ತೊಳೆದು ಕೊನೆಗೆ ಅಲ್ಲಿಯ ನೆಲದಲ್ಲಿ ಉಳಿದದ್ದು ಕರಗಲು ಒಪ್ಪದ ಕಬ್ಬಿಣ, ಅಲ್ಯುಮಿನಿಯಂ. ಅದೇ ನಮ್ಮ ಜಂಬಿಟ್ಟಿಗೆ. ಹಾಗಾಗಿ ಮಲೆನಾಡಿನ ಮತ್ತು ಕರಾವಳಿಯ ಬಾವಿಗಳ ದೂರೇ ಬೇರೆ: ನೀರು ತುಸು ಹುಳಿ, ಸುಣ್ಣ ಸಾಲದು, ಬಿಳಿ ಪಂಚೆ ಒಗೆದರೆ ಕಬ್ಬಿಣದ ಕೆಂಪು ಕಲೆ. ತೊಂದರೆಯೇ ಸರಿ, ಆದರೆ ಬೆನ್ನು ಬಗ್ಗಿಸುವ ತೊಂದರೆಯಲ್ಲ.

ಬಯಲುಸೀಮೆಯಲ್ಲಿ ಲೆಕ್ಕ ತಲೆಕೆಳಗು. ಚಳ್ಳಕೆರೆ, ಪಾವಗಡದ ಸುತ್ತ ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು. ಅದೇ ನೆಲದಲ್ಲಿ ಒಂದು ತೆರೆದ ತೊಟ್ಟಿಯಿಟ್ಟು ಸದಾ ತುಂಬಿಸುತ್ತ ಹೋದರೆ ಬಿಸಿಲು, ಗಾಳಿ ಸೇರಿ ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ನೀರನ್ನು ಹೀರಿಬಿಡುತ್ತವೆ. ಅಂದರೆ ಮುಗಿಲು ಕೊಡುವುದರ ಮೂರು ಪಟ್ಟು ವಾಪಸು ಕೇಳುತ್ತದೆ. ಆ ಬಿಸಿಲು ಎಷ್ಟು ಪ್ರಖರವೆಂದರೆ 2018ರಿಂದ ಈಚೆಗೆ ಪಾವಗಡ ತಾಲ್ಲೂಕಿನ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ ಸೌರ ಫಲಕ ಹಾಸಿ ಎರಡು ಸಾವಿರ ಮೆಗಾವಾಟ್ ವಿದ್ಯುತ್ ತೆಗೆಯುತ್ತಿದ್ದಾರೆ. ಬಿದ್ದ ಮಳೆಯ ಬಹುಪಾಲು ಮೊದಲ ಕೆಲವು ಅಡಿ ಮಣ್ಣಿನಿಂದಲೇ ಆವಿಯಾಗಿ ಹೋಗುತ್ತದೆ, ಇಲ್ಲವೆ ಗಿಡಮರಗಳ ಎಲೆಗಳ ಮೂಲಕ ಹೊರಟುಹೋಗುತ್ತದೆ. ಗ್ರ್ಯಾನೈಟ್ ಸೀಮೆಯಲ್ಲಿ ಕೆಳಗಿಳಿದು ಅಂತರ್ಜಲವನ್ನು ಸೇರುವುದು ಸಾಮಾನ್ಯವಾಗಿ ನೂರಕ್ಕೆ ಹತ್ತು ಪಾಲು; ಎಷ್ಟೋ ಕಡೆ ಅದೂ ಇಲ್ಲ.

ಬಿಸಿಲು ಒಯ್ಯುವುದು ನೀರನ್ನು ಮಾತ್ರ. ಲವಣವನ್ನು ಇಲ್ಲೇ ಬಿಟ್ಟು ಹೋಗುತ್ತದೆ. ಒಲೆಯ ಮೇಲಿಟ್ಟ ಸಾರನ್ನು ಮರೆತರೆ ಏನಾಗುತ್ತದೆಂದು ಅಡುಗೆ ಮಾಡುವವರಿಗೆಲ್ಲ ಗೊತ್ತು. ಹಾಕಿದ ಉಪ್ಪು ಅಷ್ಟೇ; ಸಾರು ಬತ್ತಿತು, ಬಾಯಿಗಿಡಲಾಗದು. ಬಯಲುಸೀಮೆಯ ಅಂತರ್ಜಲ ಹಾಗೆ ಬತ್ತಿದ ಸಾರು.

ಎಷ್ಟು ಬತ್ತಿದೆ ಎಂದು ಅಳೆಯಲು ಸಾಧ್ಯವೆ? ಸಾಧ್ಯ, ಅದಕ್ಕೊಂದು ಸರಳ ಉಪಾಯವಿದೆ. ಸಮುದ್ರದ ಮೇಲಿಂದ ಬರುವ ಮಳೆಯಲ್ಲಿ ಅತ್ಯಲ್ಪ ಕ್ಲೋರೈಡ್ ಇರುತ್ತದೆ. ನಮ್ಮ ಗ್ರ್ಯಾನೈಟ್ ಕಲ್ಲು ಕ್ಲೋರೈಡನ್ನು ಹೆಚ್ಚೇನೂ ಕೊಡುವುದಿಲ್ಲ, ಗಿಡಗಳೂ ಅದನ್ನು ಅಷ್ಟಾಗಿ ಹೀರುವುದಿಲ್ಲ. ಮಳೆಯಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದೆ ಎನ್ನೋಣ. ಬಾವಿಯಲ್ಲಿ 100 ಮಿಲಿಗ್ರಾಂ ಸಿಕ್ಕಿದರೆ? ಐವತ್ತು ಕೊಡ ಮಳೆ ಬತ್ತಿ ಒಂದು ಕೊಡವಾಗಿ ಕೆಳಗಿಳಿದಿದೆ ಎಂದರ್ಥ. ಊರ ಮಧ್ಯದ ಬಾವಿಗೆ ಈ ಲೆಕ್ಕ ನಡೆಯದು, ಅಲ್ಲಿ ಬಚ್ಚಲು, ಕಕ್ಕಸಿನ ಕ್ಲೋರೈಡೂ ಸೇರಿರುತ್ತದೆ. ಊರಾಚೆಯ ಬಾವಿಗಳಲ್ಲಿ ಮಾತ್ರ ಭೂವಿಜ್ಞಾನಿಗಳು ಈ ಉಪಾಯದಿಂದಲೇ ಎಷ್ಟು ಮಳೆ ಇಂಗುತ್ತಿದೆ ಎಂದು ಅಂದಾಜು ಮಾಡುತ್ತಾರೆ.

ಈ ನೆಲ ಉಪ್ಪನ್ನು ಕೂಡಿಡುತ್ತದೆ ಎಂಬುದು ನಮ್ಮ ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಬಯಲುಸೀಮೆಯ ಚೌಳು ಮಣ್ಣನ್ನು ಕೆರೆದು, ನೀರಿನಲ್ಲಿ ಕದಡಿ ಸೋಸಿ, ಬಿಸಿಲಿಗೊಡ್ಡಿ ಉಪ್ಪು ತೆಗೆಯುವುದೇ ಉಪ್ಪಾರರ ಕಸುಬಾಗಿತ್ತು. ಸಮುದ್ರದಿಂದ ನೂರಾರು ಮೈಲಿ ದೂರದಲ್ಲಿ ಅಷ್ಟೊಂದು ಉಪ್ಪಾರಹಳ್ಳಿಗಳು ಏಕಿವೆ ಎಂಬುದಕ್ಕೆ ಉತ್ತರ ಅಲ್ಲಿಯ ಹವೆಯಲ್ಲಿದೆ. ಆಗುಂಬೆಯಲ್ಲಿ ಯಾರಾದರೂ ಮಣ್ಣಿನಿಂದ ಉಪ್ಪು ತೆಗೆಯಲು ಹೊರಟಿದ್ದರೆ ಊರು ನಗುತ್ತಿತ್ತು.

ಇಷ್ಟಾದರೆ ಬರೀ ಉಪ್ಪುನೀರಿನ ಕಥೆಯಾಯಿತು. ಉಪ್ಪಾದರೆ ನಾಲಿಗೆ ಎಚ್ಚರಿಸುತ್ತದೆ, ಜನ ಬೇರೆ ಬಾವಿ ಹುಡುಕುತ್ತಾರೆ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಅದು ನೀರಿಗೆ ಸೇರುವ ಬಗೆಯೂ ಬೇರೆ.

ಫ್ಲೋರೈಡಿಗೆ ಒಬ್ಬ ಕಾವಲುಗಾರನಿದ್ದಾನೆ. ಅವನ ಹೆಸರು ಕ್ಯಾಲ್ಸಿಯಂ. ಇಬ್ಬರೂ ಒಂದೇ ನೀರಿನಲ್ಲಿ ಹೆಚ್ಚಾಗಿ ಇರಲಾರರು. ಹೆಚ್ಚಾದರೆ ಕೈಕೈ ಹಿಡಿದು ಫ್ಲೋರೈಟ್ ಹರಳಾಗಿ ತಳ ಸೇರುತ್ತಾರೆ. ಹಾಗಾಗಿ ಸುಣ್ಣ ಧಾರಾಳವಾಗಿರುವ ಗಡಸು ನೀರಿನಲ್ಲಿ ಫ್ಲೋರೈಡ್ ಒಂದು ಮಿತಿ ದಾಟುವುದು ಕಷ್ಟ. ಆದರೆ ಒಣ ಹವೆಯಲ್ಲಿ ನೀರು ಬತ್ತುತ್ತ ಬಂದಂತೆ ಮೊದಲು ಸೋಲುವವನು ಈ ಕಾವಲುಗಾರನೇ. ಬಚ್ಚಲ ಹಂಡೆಯ ಒಳಮೈಗೆ ಬೆಳ್ಳಗೆ ಗಟ್ಟಿಯಾಗಿ ಹತ್ತುವ ಪದರ ನೋಡಿದ್ದೀರಲ್ಲ, ಅದು ನೀರಿನಿಂದ ಹೊರಬಿದ್ದ ಸುಣ್ಣ. ಬಯಲುಸೀಮೆಯ ಮಣ್ಣಿನೊಳಗೂ ಇದೇ ನಡೆಯುತ್ತದೆ. ಬಾವಿ ತೋಡುವಾಗ ಮಣ್ಣಿನಲ್ಲಿ ಸಿಗುವ ಬಿಳಿಯ ಸುಣ್ಣದ ಹರಳು ಹಾಗೆ ಹುಟ್ಟಿದ್ದು. ಹಿಂದೆ ಅದನ್ನೇ ಸುಟ್ಟು ಗೋಡೆಗೆ ಸುಣ್ಣ ಮಾಡುತ್ತಿದ್ದರು. ಉಳಿದ ಕ್ಯಾಲ್ಸಿಯಮ್ಮನ್ನು ಜೇಡಿಮಣ್ಣು ಹಿಡಿದುಕೊಂಡು ಬದಲಿಗೆ ಸೋಡಿಯಮ್ಮನ್ನು ಬಿಟ್ಟುಕೊಡುತ್ತದೆ. ಕಾವಲುಗಾರ ಹೊರಟುಹೋದ ಮೇಲೆ ಫ್ಲೋರೈಡಿಗೆ ಬಾಗಿಲು ತೆರೆದಂತೆ. ರಸಾಯನ ವಿಜ್ಞಾನದ ಲೆಕ್ಕದಲ್ಲಿ ಹೇಳುವುದಾದರೆ, ಕ್ಯಾಲ್ಸಿಯಂ ನಾಲ್ಕರಲ್ಲೊಂದು ಪಾಲಿಗೆ ಇಳಿದರೆ ಫ್ಲೋರೈಡ್ ಎರಡು ಪಟ್ಟಾಗಲು ಅವಕಾಶ ಸಿಗುತ್ತದೆ.

ಕೊನೆಗೆ ಉಳಿಯುವ ನೀರು ಎಂಥದು ಗೊತ್ತೆ? ಸೋಡಿಯಂ ಮತ್ತು ಬೈಕಾರ್ಬೊನೇಟ್ ತುಂಬಿದ ನೀರು. ಅಂದರೆ ಅಡಿಗೆ ಸೋಡದ ತೆಳು ನೀರು. ಇದರಲ್ಲಿ ಸಾಬೂನು ಚೆನ್ನಾಗಿ ನೊರೆ ಬರುತ್ತದೆ. ಬೇಳೆ ಬೇಗ ಬೇಯುತ್ತದೆ. ನಮ್ಮ ಹೆಂಗಸರು ನೀರಿನ ಗುಣವನ್ನು ಅಳೆಯುವುದು ಈ ಎರಡು ಪರೀಕ್ಷೆಗಳಿಂದಲೇ: ನೊರೆ ಬಂತೇ, ಬೇಳೆ ಬೆಂತೇ? ಮೆದು ನೀರೆಲ್ಲ ವಿಷವಲ್ಲ. ತುಂಗೆಯ ನೀರೂ ಮೆದುವೇ. ಆದರೆ ಬರದ ಸೀಮೆಯ ಆಳದ ಕೊಳವೆ ಬಾವಿಯಲ್ಲಿ ಬೇಳೆ ಬೇಯಿಸುವ ಮೆದು ನೀರು ಸಿಕ್ಕಿದರೆ ಖುಷಿಪಡುವ ಮೊದಲು ಒಮ್ಮೆ ಪರೀಕ್ಷೆಗೆ ಕಳಿಸುವುದು ಕ್ಷೇಮ.

ಇದೆಲ್ಲ ಹವೆಯದೇ ಕೈವಾಡ, ಕಲ್ಲಿನದಲ್ಲ ಎಂಬುದಕ್ಕೆ ಸಾಕ್ಷಿ ಬೇಕೆ? ಅದು ನಮಗಿಂತ ಚೆನ್ನಾಗಿ ಶ್ರೀಲಂಕಾದಲ್ಲಿದೆ. ಆ ಪುಟ್ಟ ದ್ವೀಪದ ಬಹುಭಾಗದಲ್ಲಿ ನಮ್ಮಂಥದ್ದೇ ಪುರಾತನ ಗಟ್ಟಿ ಶಿಲೆ. ನೈರುತ್ಯದ ಮೂಲೆಯಲ್ಲಿ 2500 ಮಿಲಿಮೀಟರಿಗೂ ಮೀರಿದ ಮಳೆ. ಉತ್ತರಕ್ಕೂ ಪೂರ್ವಕ್ಕೂ ಹೋದರೆ ಒಣ ಪ್ರದೇಶ. ಪೆರಡೇನಿಯ ವಿಶ್ವವಿದ್ಯಾಲಯದ ಭೂರಸಾಯನ ವಿಜ್ಞಾನಿ ಸಿ.ಬಿ. ದಿಸ್ಸನಾಯಕೆ ಮತ್ತು ಸಂಗಡಿಗರು ದ್ವೀಪದ ಬಾವಿಗಳನ್ನೆಲ್ಲ ಜಾಲಾಡಿ ನಕ್ಷೆ ಬರೆದಾಗ, ಫ್ಲೋರೈಡಿನ ಗಡಿ ಹೆಚ್ಚುಕಡಿಮೆ ಮಳೆಯ ಗಡಿಯನ್ನೇ ಹಿಂಬಾಲಿಸಿತ್ತು. ಅನುರಾಧಪುರ, ಪೊಳನ್ನರುವ ಕಡೆಯ ಒಣ ಸೀಮೆಯಲ್ಲಿ ಹಲ್ಲು ಕಂದು. ಹಸಿ ಸೀಮೆಯಲ್ಲಿ ಫ್ಲೋರೈಡ್ ಎಷ್ಟು ಕಡಿಮೆಯೆಂದರೆ ಹಲ್ಲು ಹುಳುಕಾಗುವ ಚಿಂತೆ. ಕಲ್ಲು ಒಂದೇ ಬಗೆಯದು, ಮುಗಿಲು ಎರಡು ಬಗೆಯದು.

ನಮ್ಮ ದೇಶದಲ್ಲಿ ಈ ಕಾಯಿಲೆ ಮೊದಲು ದಾಖಲಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ವರದಿ ಬರೆದವರು ಎಚ್.ಇ. ಶಾರ್ಟ್ ಮತ್ತು ಸಂಗಡಿಗರು. ಮಲೇರಿಯಾದ ರೋಗಾಣು ರಕ್ತಕ್ಕಿಳಿಯುವ ಮೊದಲು ಯಕೃತ್ತಿನಲ್ಲಿ ಅಡಗಿ ಬೆಳೆಯುತ್ತದೆ ಎಂದು ಮುಂದೆ 1948ರಲ್ಲಿ ತೋರಿಸಿಕೊಟ್ಟ ಅದೇ ಶಾರ್ಟ್. ನೆಲ್ಲೂರಿನ ರೈತರು ಡಾಕ್ಟರುಗಳಿಗಿಂತ ಮೊದಲೇ ಇದನ್ನು ತಮ್ಮ ಎತ್ತುಗಳಲ್ಲಿ ಗಮನಿಸಿದ್ದರಂತೆ. ನೊಗಕ್ಕೆ ಕಟ್ಟಿದ ಎತ್ತು ಹೆಜ್ಜೆ ಎತ್ತಲಾರದೆ ನಿಲ್ಲುತ್ತಿತ್ತು. ಬೇರೆ ಊರಿನಿಂದ ಹೊಸ ಜೋಡಿ ತಂದರೂ ಕೆಲವು ವರ್ಷಕ್ಕೆ ಅದೇ ಗತಿ. ನಂತರ ನಲ್ಗೊಂಡದ ಹೆಸರು ಕೇಳಿಬಂತು. ಅಲ್ಲಿಯ ಪರಿಸ್ಥಿತಿ ಎಷ್ಟು ಕೆಟ್ಟಿತ್ತೆಂದರೆ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಬಳಸಿ ಫ್ಲೋರೈಡ್ ತೆಗೆಯುವ ವಿಧಾನ ಕಂಡುಹಿಡಿದಾಗ ಅದಕ್ಕೆ ‘ನಲ್ಗೊಂಡ ವಿಧಾನ’ ಎಂದೇ ಹೆಸರಿಟ್ಟರು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಹೀಗೆ ನಮ್ಮ ಕಡೆಯ ಪಟ್ಟಿಯನ್ನು ಬರೆದರೂ ಅದು ಒಣ ಜಿಲ್ಲೆಗಳ ಪಟ್ಟಿಯೇ ಆಗುತ್ತದೆ.

ಹಾಗಾದರೆ ನಮ್ಮ ಅಜ್ಜ ಮುತ್ತಜ್ಜಂದಿರು ಇದೇ ಸೀಮೆಯಲ್ಲಿ ಬಾಳಿರಲಿಲ್ಲವೆ ಎಂದು ನೀವು ಕೇಳಬಹುದು. ಬಾಳಿದ್ದರು. ಬಹಳ ಕಡೆ ಅವರು ಕುಡಿಯುತ್ತಿದ್ದದ್ದು ಕೆರೆಯ ನೀರು, ಕೆರೆಯಂಗಳದ ತೆರೆದ ಬಾವಿಯ ನೀರು. ಅದು ಹೋದ ವರ್ಷದ್ದೋ ಹಿಂದಿನ ವರ್ಷದ್ದೋ ಮಳೆ. ಕಲ್ಲಿನ ಜೊತೆ ಅದರ ಒಡನಾಟ ಅಲ್ಪಕಾಲದ್ದು. ಆ ನೀರಿನಲ್ಲಿ ಬೇರೆ ಶತ್ರುಗಳಿದ್ದರು. ಕಾಲರಾ ಇತ್ತು. ಮೆಟ್ಟಿಲು ಬಾವಿಗಳಲ್ಲಿ ನಾರುಹುಣ್ಣಿನ ಹುಳುವಿತ್ತು. 1967ರ ನಂತರ ಯುನಿಸೆಫ್ ನೆರವಿನಿಂದ ಕಲ್ಲು ಕೊರೆಯುವ ಯಂತ್ರಗಳು ಬಂದವು, ಊರೂರಿಗೆ ಕೈಪಂಪು ಬಂತು. ನಾರುಹುಣ್ಣು ತೊಲಗಿತು; ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. ಇದು ಸಣ್ಣ ಸಾಧನೆಯಲ್ಲ. ಕೊಳವೆ ಬಾವಿಯನ್ನು ಬೈಯುವವರು ಈ ಹುಳುವನ್ನು ಮರೆಯಬಾರದು.

ಆದರೆ ಕೈಪಂಪಿನ ನೂರೈವತ್ತು ಅಡಿ ಅಲ್ಲಿಗೇ ನಿಲ್ಲಲಿಲ್ಲ. ಪಂಪ್‌ಸೆಟ್ಟು ಬಂತು, ಮುನ್ನೂರಾಯಿತು. ಬರ ಬಂತು, ಆರುನೂರಾಯಿತು. ಕೋಲಾರದ ಕಡೆ ಸಾವಿರ, ಸಾವಿರದೈನೂರು ಅಡಿ ಎಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಆ ಆಳದ ಬಿರುಕುಗಳಲ್ಲಿರುವುದು ಬಹಳ ಹಿಂದೆ ಇಂಗಿದ, ಕಲ್ಲಿನ ಜೊತೆ ದೀರ್ಘಕಾಲ ಸಂಸಾರ ಮಾಡಿದ ನೀರು. ಕ್ಯಾಲ್ಸಿಯಂ ಕಳಕೊಂಡು, ಕ್ಷಾರವಾಗಿ, ಫ್ಲೋರೈಡ್ ತುಂಬಿಕೊಂಡ ನೀರು. ಹೀಗೆ ಒಣ ಹವೆ ನಮ್ಮನ್ನು ಎರಡು ಕಡೆಯಿಂದ ಹಿಡಿಯುತ್ತದೆ. ಮೇಲ್ಮಣ್ಣಿನಲ್ಲಿ ನೀರನ್ನು ಬತ್ತಿಸಿ ಲವಣ ಹೆಚ್ಚಿಸುವುದು ನೇರದ ದಾರಿ. ಮಳೆ ಕೈಕೊಟ್ಟು ನಮ್ಮ ಡ್ರಿಲ್ಲಿಂಗ್ ಲಾರಿಯನ್ನು ಇನ್ನೂ ಕೆಳಕ್ಕೆ ಅಟ್ಟುವುದು ಬಳಸು ದಾರಿ.

ಮೂರನೆಯದೊಂದು ದಾರಿಯೂ ಇದೆ, ಅದು ನಮ್ಮ ಗಂಟಲು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ನಮ್ಮ ಭಾರತೀಯ ಮಾನಕ 1 ಮಿಲಿಗ್ರಾಂ ಸಾಕು ಎನ್ನುತ್ತದೆ. ಬೇರೆ ನೀರು ಇಲ್ಲವೆಂದರೆ ಮಾತ್ರ 1.5ರವರೆಗೆ ರಿಯಾಯಿತಿ. ಈ ಅಂಕಿಗಳನ್ನು ಓದುವಾಗ ಕೇಳಬೇಕಾದ ಪ್ರಶ್ನೆ: ದಿನಕ್ಕೆ ಎಷ್ಟು ಲೀಟರ್ ಕುಡಿಯುವವರಿಗೆ? ಫ್ಯಾನಿನ ಕೆಳಗೆ ಕೂತು ಬರೆಯುವವನು ಎರಡು ಲೀಟರ್ ಕುಡಿದರೆ ಅವನ ಹೊಟ್ಟೆಗೆ ಹೋಗುವುದು 3 ಮಿಲಿಗ್ರಾಂ. ಏಪ್ರಿಲ್ ಬಿಸಿಲಲ್ಲಿ ಕಲ್ಲು ಒಡೆಯುವವನು, ಶೇಂಗಾ ಹೊಲದಲ್ಲಿ ಕಳೆ ಕೀಳುವವಳು ಐದು ಲೀಟರ್ ಕುಡಿಯುತ್ತಾರೆ. ಅದೇ ನೀರಿನಿಂದ ಅವರಿಗೆ ದಕ್ಕುವುದು 7.5 ಮಿಲಿಗ್ರಾಂ. ಹಲ್ಲು ಹುಳುಕಾಗದಿರಲೆಂದು ನೀರಿಗೆ ಫ್ಲೋರೈಡ್ ಬೆರೆಸುವ ಅಮೆರಿಕದಲ್ಲಿ ಇದನ್ನು ಬಹಳ ಹಿಂದೆಯೇ ಲೆಕ್ಕಕ್ಕೆ ಹಿಡಿದಿದ್ದರು. 1962ರ ಅವರ ನಿಯಮದಲ್ಲಿ ಊರಿನ ತಾಪಮಾನ ನೋಡಿ ಮಟ್ಟ ನಿಗದಿಯಾಗುತ್ತಿತ್ತು: ಚಳಿಯ ಊರಿಗೆ 1.2 ಮಿಲಿಗ್ರಾಂ, ಸೆಕೆಯ ಊರಿಗೆ 0.7. ಮನೆಮನೆಗೂ ಹವಾನಿಯಂತ್ರಣ ಬಂದ ಮೇಲೆ, 2015ರಲ್ಲಿ, ಎಲ್ಲರಿಗೂ 0.7 ಎಂದು ಮಾಡಿದರು. ನಮ್ಮ ಕೂಲಿಯವರ ಬಿಸಿಲಿಗೆ ಹವಾನಿಯಂತ್ರಣ ಬಂದಿಲ್ಲ.

ಹಲ್ಲಿಗೆ ಹತ್ತಿದ ಕಂದು ಮತ್ತೆ ಹೋಗುವುದಿಲ್ಲ. ಒಸಡಿನೊಳಗೆ ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲೇ ಅದು ಬರೆದಾಗಿರುತ್ತದೆ. ಲೀಟರಿಗೆ 3ರಿಂದ 6 ಮಿಲಿಗ್ರಾಂ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಎಲುಬಿಗೂ ಕೀಲಿಗೂ ಇಳಿಯುತ್ತದೆ. ಹಾಗೆ ಗಟ್ಟಿಯಾದ ಬೆನ್ನನ್ನು ಮೆದು ಮಾಡುವ ಮದ್ದು ಇಲ್ಲ. ಇರುವ ಮದ್ದು ಒಂದೇ, ಆ ನೀರನ್ನು ಬಿಡುವುದು.

ಮುಂದೆ ಹವೆ ಇನ್ನಷ್ಟು ಬಿಸಿಯಾಗಲಿದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಅನುಮಾನ ಉಳಿದಿಲ್ಲ. ಮಳೆಯ ಒಟ್ಟು ಮೊತ್ತ ಅಷ್ಟೇ ಇದ್ದರೂ ಅದು ಸುರಿಯುವ ರೀತಿ ಬದಲಾಗುತ್ತಿದೆ: ತಿಂಗಳುಗಟ್ಟಲೆ ಒಣಗಿಸಿ, ಎರಡು ದಿನದಲ್ಲಿ ಧೋ ಎಂದು ಹೊಯ್ಯುವುದು. ಜಡಿಮಳೆ ಇಂಗುತ್ತದೆ, ರಭಸದ ಮಳೆ ಹರಿದುಹೋಗುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಬೇಕಾಯಿತು. ಅಂಥ ವರ್ಷ ಪತ್ರಿಕೆಗಳಲ್ಲಿ ಬರುವುದು ಎಷ್ಟು ಅಡಿಗೆ ನೀರು ಇಳಿಯಿತು, ಎಷ್ಟು ಕೊಳವೆ ಬಾವಿ ಬತ್ತಿತು ಎಂಬ ಲೆಕ್ಕ. ಬತ್ತದೆ ಉಳಿದ ಬಾವಿಯ ನೀರಿನಲ್ಲಿ ಏನೇನು ಏರಿತು ಎಂಬ ಲೆಕ್ಕ ಎಲ್ಲಿಯೂ ಕಾಣುವುದಿಲ್ಲ. ಕೊಳವೆ ಬಾವಿಯ ಮುಂದೆ ನಿಂತು ನಾವು ಕೇಳುವುದೂ ‘ಎಷ್ಟು ಇಂಚು ಬಿತ್ತು?’ ಎಂದೇ.

ಸರಿ, ಏನು ಮಾಡಬೇಕು? ಮೊದಲು ಏನು ಮಾಡಿದರೆ ಪ್ರಯೋಜನವಿಲ್ಲ ಎಂಬುದನ್ನು ಹೇಳಿಬಿಡುವುದು ಒಳ್ಳೆಯದು. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ. ಫ್ಲೋರೈಡ್ ಸಾಯುವುದಿಲ್ಲ, ನೀರು ಬತ್ತಿದಷ್ಟೂ ಏರುತ್ತದೆ. ಮನೆಯ ಕ್ಯಾಂಡಲ್ ಫಿಲ್ಟರಿಗೆ ಅದು ಸಿಕ್ಕುವುದಿಲ್ಲ. ಊರೂರಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಫ್ಲೋರೈಡನ್ನು ತೆಗೆಯುತ್ತವೆ, ನಿಜ. ಆದರೆ ಅವು ಹೊರಚೆಲ್ಲುವ ನೀರಿನಲ್ಲಿ ತೆಗೆದದ್ದೆಲ್ಲ ಇಮ್ಮಡಿ ಗಟ್ಟಿಯಾಗಿ ಉಳಿದಿರುತ್ತದೆ. ಅದನ್ನು ಪಕ್ಕದ ಗುಂಡಿಗೆ ಬಿಟ್ಟರೆ ಬಿಸಿಲು ಮಾಡುತ್ತಿದ್ದ ಕೆಲಸವನ್ನೇ ನಾವೂ ಮಾಡಿದಂತಾಯಿತು. ಅಲ್ಲದೆ ಕುಡಿಯಲು ಕ್ಯಾನಿನ ನೀರು, ಮುದ್ದೆಗೂ ಸಾರಿಗೂ ಕೊಳಾಯಿಯ ನೀರು ಎಂಬುದು ಎಷ್ಟೋ ಮನೆಗಳ ಪದ್ಧತಿ. ಅಡುಗೆಯ ನೀರೂ ಹೊಟ್ಟೆಗೇ ಹೋಗುತ್ತದೆ.

ಊಟದಲ್ಲಿ ಸ್ವಲ್ಪ ರಕ್ಷಣೆಯಿದೆ. ಕ್ಯಾಲ್ಸಿಯಂ ಚೆನ್ನಾಗಿ ಸಿಕ್ಕರೆ ಕರುಳಿನಲ್ಲೂ ಅದು ಫ್ಲೋರೈಡನ್ನು ಹಿಡಿದು ಹೊರಗೆ ಕಳಿಸುತ್ತದೆ. ಕೋಲಾರ, ತುಮಕೂರಿನ ರಾಗಿಯಲ್ಲಿ ಅದು ಯಥೇಚ್ಛವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ಹುಡುಗರಿಗೆ ದಿನವೂ ಒಂದಿಷ್ಟು ಹುಣಸೆಹಣ್ಣು ತಿನ್ನಿಸಿ ನೋಡಿದಾಗ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತ್ತು ಎಂದು 2002ರಲ್ಲಿ ವರದಿಯಾಗಿದೆ. ಅಗ್ಗದ ಅಕ್ಕಿ ಬಂದಂತೆ ರಾಗಿ ಬಿಟ್ಟ ಮನೆಗಳು, ಹುಣಸೆಯ ಬದಲು ಟೊಮೆಟೊ ಹಿಡಿದ ಮನೆಗಳು ಇದನ್ನು ಕಿವಿಗೆ ಹಾಕಿಕೊಳ್ಳಬಹುದು. ಹಾಗೆಂದು ರಾಗಿ, ಹುಣಸೆ ನಂಬಿ ಕೆಟ್ಟ ನೀರು ಕುಡಿಯಬಾರದು.

ನಿಜವಾದ ಪರಿಹಾರ ಬೇರೆ ನೀರು. ತುಂಗಭದ್ರೆಯ ಹಿನ್ನೀರನ್ನು ಪಾವಗಡ, ಮೊಳಕಾಲ್ಮೂರು ಕಡೆಗೆ ಕೊಳವೆಯಲ್ಲಿ ಒಯ್ಯುವ ಯೋಜನೆಯ ಅರ್ಥ ಏನು? ಮಲೆನಾಡಿನ ಹವೆಯನ್ನೇ ಪೈಪಿನಲ್ಲಿ ತುಂಬಿ ಬಯಲುಸೀಮೆಗೆ ಕಳಿಸುವುದು. ಪೈಪು ತಲುಪುವ ಊರಿಗೆ ಅದು ವರವೇ. ತಲುಪದ ಊರಿಗೆ, ತಲುಪಿದರೂ ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಊರಿಗೆ ಇನ್ನೊಂದು ನೀರಿದೆ. ಅದು ಅವರ ತಲೆಯ ಮೇಲೇ ಬೀಳುತ್ತದೆ. ಮಣ್ಣನ್ನೂ ಕಲ್ಲನ್ನೂ ಮುಟ್ಟದ ಮಳೆಯಲ್ಲಿ ಫ್ಲೋರೈಡ್ ಎಲ್ಲಿಂದ ಬರಬೇಕು?

ಲೆಕ್ಕ ಹಾಕಿ ನೋಡಿ. ಐನೂರು ಚದರಡಿಯ ಒಂದು ಸಾಧಾರಣ ಸೂರು. ವರ್ಷಕ್ಕೆ 500 ಮಿಲಿಮೀಟರ್ ಮಳೆ. ಸೂರಿನ ಮೇಲೆ ಬೀಳುವುದು ಸುಮಾರು 23 ಸಾವಿರ ಲೀಟರ್. ಮೊದಲ ಮಳೆಯ ಕೊಳೆ ನೀರು, ಚೆಲ್ಲಿಹೋದದ್ದು ಎಂದು ಐದರಲ್ಲಿ ಒಂದು ಪಾಲು ಕಳೆಯಿರಿ. 18 ಸಾವಿರಕ್ಕೆ ಮೋಸವಿಲ್ಲ. ಐದು ಜನರ ಸಂಸಾರಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 50 ಲೀಟರ್ ಎಂದರೆ ವರ್ಷಕ್ಕೆ ಬೇಕಾದದ್ದು 18,250 ಲೀಟರ್. ಬರಗಾಲದ ತವರು ಎನಿಸಿಕೊಂಡ ನೆಲದ ಮಳೆಯೂ ಮಾಮೂಲಿ ವರ್ಷದಲ್ಲಿ ಒಂದು ಮನೆಯ ಗಂಟಲಿಗೆ ಸಾಕು. ಡಿಸೆಂಬರಿನಿಂದ ಮೇ ತನಕ ಕೂಡಿಡಲು 9 ಸಾವಿರ ಲೀಟರಿನ ತೊಟ್ಟಿ ಬೇಕು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೆಲವು ಹಳ್ಳಿಗಳಲ್ಲಿ ಇಂಥ ಚಾವಣಿ ತೊಟ್ಟಿ ಕಟ್ಟಿಸಿದ್ದಾರೆ. ತೊಟ್ಟಿ ಕಟ್ಟುವುದು ಸುಲಭ. ವರ್ಷವರ್ಷ ಮಳೆಗಾಲಕ್ಕೆ ಮುಂಚೆ ತೊಳೆಯುವುದು, ಮುಚ್ಚಿಡುವುದು ಕಷ್ಟ. ಆ ಕಷ್ಟ ಬೆನ್ನು ಬಾಗುವ ಕಷ್ಟಕ್ಕಿಂತ ಹಗುರ.

ಅಂತರ್ಜಲಕ್ಕೆ ಮಳೆ ಇಂಗಿಸುವುದೂ ಒಳ್ಳೆಯದೇ. ಆದರೆ ಅದರಿಂದ ನಾಳೆಯೇ ನೀರು ಸಿಹಿಯಾದೀತೆಂದು ತಿಳಿಯಬೇಡಿ. ಬಹುಕಾಲ ಒಣಗಿದ್ದ ಮಣ್ಣಿನಲ್ಲಿ ಕೂಡಿಬಿದ್ದ ಲವಣ, ಗೊಬ್ಬರದ ನೈಟ್ರೇಟ್ ಎಲ್ಲವನ್ನೂ ಮೊದಲ ಇಂಗುನೀರು ಗುಡಿಸಿ ಬಾವಿಗೆ ತರಬಹುದು. ಕೆಲವು ವರ್ಷ ತೊಳೆದ ಮೇಲೆ ತಿಳಿಯಾದೀತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ವಿಪರೀತವಾಗಿ, ಕೆಳಗಿದ್ದ ಲವಣ ಮೇಲೆ ಬಂದು ಹೊಲಗಳು ಸವಳು ಜವಳಾದದ್ದು ಎಲ್ಲರೂ ಕಂಡದ್ದೇ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬಾವಿಗಳಲ್ಲಿ ನೀರು ಮೇಲೆ ಬಂದಿತೆಂದು ರೈತರು ಸಂತೋಷಪಟ್ಟಿದ್ದಾರೆ. ಮೇಲೆ ಬಂದದ್ದು ಎಷ್ಟು ಎಂಬುದರ ಜೊತೆಗೆ ಮೇಲೆ ಬಂದದ್ದು ಏನು ಎಂದೂ ಬಾವಿ ಬಾವಿಗೆ ನೋಡುತ್ತಿರಬೇಕು.

ನೋಡುವುದು ಎಂದಾಗ ಒಂದು ಮಾತು. ಕೇಂದ್ರೀಯ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳಲ್ಲಿ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತ ಬಂದಿದೆ. ನೀರಿನ ಗುಣದ ಪರೀಕ್ಷೆಗೆ ಬಹುಕಾಲ ಮಾದರಿ ತೆಗೆಯುತ್ತಿದ್ದದ್ದು ವರ್ಷಕ್ಕೆ ಒಂದು ಸಲ. ಹಳ್ಳಿಯ ಎಷ್ಟೋ ಕೊಳವೆ ಬಾವಿಗಳಿಗೆ ಕೊರೆದ ದಿನದ ಪರೀಕ್ಷೆಯೇ ಮೊದಲನೆಯದು, ಅದೇ ಕೊನೆಯದು. ನೀರಿನ ಗುಣ ಕಲ್ಲಿನದು ಮಾತ್ರವಾಗಿದ್ದರೆ ಒಂದು ಪರೀಕ್ಷೆ ಸಾಕಿತ್ತು, ಕಲ್ಲು ಬದಲಾಗುವುದಿಲ್ಲ. ಅದು ಮಳೆಯದೂ ಬಿಸಿಲಿನದೂ ಆಗಿರುವುದರಿಂದ ಕಾಲಕಾಲಕ್ಕೆ ಬದಲಾಗುತ್ತದೆ. ಹಾಗಾಗಿ ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ, ಬರದ ವರ್ಷ ಇನ್ನೂ ಒಂದು ಸಲ ಪರೀಕ್ಷಿಸಿ, ಫ್ಲೋರೈಡ್ ಎಷ್ಟೆಂದು ಆ ಬಾವಿಯ ಪಕ್ಕದ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು. ಪಂಚಾಯಿತಿಗೆ ಇದರ ಖರ್ಚು ಒಂದು ಕೊಳವೆ ಬಾವಿ ಕೊರೆಸುವ ಖರ್ಚಿನ ಸಣ್ಣ ಚೂರು.

ಮುಂದಿನ ಗ್ರಾಮಸಭೆಯಲ್ಲಿ ಹೊಸ ಬೋರ್‌ವೆಲ್ಲಿಗೆ ಅರ್ಜಿ ಬಂದಾಗ ‘ಎಷ್ಟು ಅಡಿ, ಎಷ್ಟು ಇಂಚು’ ಎಂದು ಕೇಳುವವರು ಹತ್ತು ಜನ ಇರುತ್ತಾರೆ. ‘ಅದರಲ್ಲಿ ಫ್ಲೋರೈಡ್ ಎಷ್ಟು?’ ಎಂದು ಕೇಳುವ ಹನ್ನೊಂದನೆಯವರು ನೀವಾಗಿ.